ಗಾಲಿಯೊಳಗಿನ ಜಮಖಾನ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮಡಿವಾಳೆಪ್ಪ ನವಲಗುಂದ ಠಾಣೆಗೆ ಬಂದು, ತನ್ನ ಸೈಕಲ್ ಅಂಗಡಿಯ ಬೀಗ ಒಡೆದು ಕಳವು ಮಾಡಿದ್ದಾರೆಂದು ದೂರು ಕೊಟ್ಟ. ಎಫ್‌ಐಆರ್ ದಾಖಲಾಯಿತು. ಪಿಎಸ್‌ಐ ಶಿವಗಂಗಾ, ಹೆಡ್ ಕಾನ್‌ಸ್ಟೆಬಲ್ ಲಕ್ಕಪ್ಪನನ್ನು ಕರೆದುಕೊಂಡು ಸ್ಥಳಕ್ಕೆ ಹೋದರು.

ಪಂಚನಾಮೆ ಬರೆಯುತ್ತಿದ್ದ ಲಕ್ಕಪ್ಪನ ಪೆನ್ನು ನಡುವೆಯೇ ನಿಂತಿತು. ಗಲ್ಲಾಪೆಟ್ಟಿಗೆ ಮುಟ್ಟಿಲ್ಲ, ಹೊಸ ಟೈರುಗಳೂ ಹಾಗೇ ಇವೆ. ಮಾರಾಟಕ್ಕೆ ನಿಲ್ಲಿಸಿದ್ದ ಗೇರ್ ಸೈಕಲ್ಲಿನ ಹಿಂದಿನ ಗಾಲಿ ಮಾತ್ರ ಮಾಯ. ಆ ಜಾಗಕ್ಕೆ ಜಂಗು ಹಿಡಿದ ಇನ್ನೊಂದು ಗಾಲಿಯನ್ನು ಹತ್ತಿಯ ನೂಲಿನಿಂದ ಕಟ್ಟಿಟ್ಟಿದ್ದರು.

“ಕಳ್ಳ ಬದಲಿ ಕೊಟ್ಟು ಹೋಗ್ಯಾನಲ್ರಿ ಮೇಡಂ!”

ಶಿವಗಂಗಾ ಗಂಟನ್ನು ನೋಡುತ್ತಿದ್ದರು. ಕದಿಯಲು ಬಂದವರು ಹೇಗೋ ಸುತ್ತಿ ಓಡುತ್ತಾರೆ. ಇಲ್ಲಿ ಪುಟ್ಟ ಗಂಟು ಹಾಕಿ, ನೇಕಾರರ ಹಾಗೆ ಎರಡೂ ತುದಿಗಳನ್ನು ನೀಟಾಗಿ ಕತ್ತರಿಸಿದ್ದರು.

“ಈ ಗಾಲಿ ಯಾರದು?”

“ನನಗ ಗೊತ್ತಿಲ್ರಿ,” ಎಂದ ಮಡಿವಾಳೆಪ್ಪ. ಪ್ರಶ್ನೆ ಮುಗಿಯುವವರೆಗೂ ಅವನಿಗೆ ತಾಳ್ಮೆಯಿರಲಿಲ್ಲ.

ಜಮಖಾನ ನೇಯುವವರ ಓಣಿಯಲ್ಲಿ ಮುದುಕಿ ಮಲಿಕಾಬಿಗೆ ನೂಲು ತೋರಿಸಿದರು.

“ಮಗ್ಗದ ಮುಂದ ಕುಂತವರ ಕೈಯಾಗಿನ ಗಂಟ ಇದು. ಯಾರ ಕೈ ಅಂತ ಮಾತ್ರ ನಾ ಹೇಳೂದಿಲ್ರಿ.”

“ನೀ ಹೇಳೂದು ಬ್ಯಾಡ ದಾದಿ, ನಾನ ಹೇಳ್ತೀನಿ.” ಪಕ್ಕದ ಮಗ್ಗದಿಂದ ಮೊಮ್ಮಗಳು ರೂಬಿನಾ ಎದ್ದಳು. “ಬೀಗ ಒಡದಾಕಿ ನಾನ. ಕಳವು ಮಾಡಿಲ್ರಿ. ನನ್ನ ಗಾಲಿ ನಾ ತಂದೀನಿ, ಅವನ ಗಾಲಿ ಅವಂಗ ಕೊಟ್ಟೀನಿ.”

ಗುಜರಿಯಲ್ಲಿ ಸಿಕ್ಕ ಹಳೆಯ ಮೌಂಟೇನ್ ಬೈಕಿನ ಫ್ರೇಮಿಗೆ ಅವಳು ಹುಬ್ಬಳ್ಳಿಯಿಂದ ಒಂದೊಂದೇ ಸಾಮಾನು ತಂದು, ಬ್ರೇಕು, ಪೆಡಲು, ಗೇರು ಎಲ್ಲವನ್ನೂ ತಾನೇ ಕೂಡಿಸಿದ್ದಳು. ಓಣಿಯೆಲ್ಲ ನಕ್ಕಿತ್ತು. ಗಾಲಿಯ ಬೆಂಡ್ ತೆಗೆಯಲು ಮಾತ್ರ ಮಡಿವಾಳೆಪ್ಪನಿಗೆ ಕೊಟ್ಟಿದ್ದಳು. ಅವನು ಅದನ್ನು ಮಾರಾಟದ ಸೈಕಲ್ಲಿಗೆ ಹಾಕಿಕೊಂಡು, ಅವಳಿಗೆ ಜಂಗಿನ ಗಾಲಿ ಕೈಗಿಟ್ಟು, ಇದೇ ನಿಂದು ಅಂದಿದ್ದ.

“ನಿಂದ ಅನ್ನಾಕ ಗುರುತೇನು?” ಎಂದು ಶಿವಗಂಗಾ ಕೇಳಿದರು.

“ಟೈರ್ ಬಿಚ್ಚಿ ನೋಡ್ರಿ. ಟ್ಯೂಬಿಗೆ ಕಡ್ಡಿ ಚುಚ್ಚಬಾರದಂತ ಒಳಗ ಪಟ್ಟಿ ಹಾಕ್ತಾರ. ನಾ ಜಮಖಾನದ ಪಟ್ಟಿ ನೇದು ಹಾಕೀನಿ. ಅವಂಗೂ ಹೇಳಿದ್ನಿ. ‘ಹೆಣ್ಮಕ್ಕಳಿಗೆ ಗೇರಿನ ಗಾಲಿ ಏನ್ ತಿಳಿತೈತಿ, ನಡಿ’ ಅಂದ.”

ಪಂಚರ ಸಮಕ್ಷಮ ಲಕ್ಕಪ್ಪ ಟೈರು ಬಿಚ್ಚಿದ. ರಿಮ್ಮಿನ ಸುತ್ತ ಕೆಂಪು-ಕಪ್ಪು ನೇಯ್ಗೆಯ ಪಟ್ಟಿ, ಕೊನೆಯಲ್ಲಿ ಅದೇ ಗಂಟು.

“ಮೊದಲ ಸ್ಟೇಷನ್ನಿಗೆ ಯಾಕ ಬರಲಿಲ್ಲ?”

“ನಂದು ನಾ ತರಾಕ ಯಾರ್ನ ಕೇಳಬೇಕ್ರಿ?”

ಕಾನೂನಿನಲ್ಲಿ ಇದಕ್ಕೆ ಉತ್ತರವಿತ್ತು. ಹೇಳಲು ಶಿವಗಂಗಾರಿಗೆ ಮನಸ್ಸಾಗಲಿಲ್ಲ, ಆದರೂ ಹೇಳಿದರು. ಬೀಗ ಒಡೆದದ್ದಕ್ಕೆ ಬಂಧಿಸಲೇಬೇಕು. ಮಡಿವಾಳೆಪ್ಪನ ಮೇಲೆ ಅವಳ ದೂರನ್ನೂ ಇವತ್ತೇ ಬರೆದುಕೊಳ್ಳುವುದಾಗಿ ತಿಳಿಸಿದರು.

ಜಪ್ತಿಯಾದ ಸೈಕಲ್ಲು ಜೀಪಿನಲ್ಲಿ ಹಿಡಿಯಲಿಲ್ಲ. ರೂಬಿನಾ ಟೈರು ಕೂಡಿಸಿ ಗಾಳಿ ಹೊಡೆದಳು.

“ನಾನ ಹೊಡಕೊಂಡ ಬರ್ತೀನ್ರಿ.”

“ಆರೋಪಿ ಸೈಕಲ್ ಹೊಡಿಯೂದ? ಹಂಗ ರೂಲ್ ಇಲ್ರಿ ಮೇಡಂ,” ಎಂದ ಲಕ್ಕಪ್ಪ.

“ಸಾವಕಾಶ ಹೊಡಿಯವಾ,” ಎಂದರು ಶಿವಗಂಗಾ. “ನಾವು ಹಿಂದ ಬರ್ತೀವಿ.”

ನಡುಹಗಲು ಬಜಾರಿನಲ್ಲಿ ಮುಂದೆ ರೂಬಿನಾ, ಹಿಂದೆ ಪೊಲೀಸ್ ಜೀಪು. ಮಡಿವಾಳೆಪ್ಪನ ಅಂಗಡಿಯ ಮುಂದೆ ಅವಳು ಬೇಕೆಂದೇ ಗೇರು ಬದಲಿಸಿದಳು. ಅವನು ಒಳಗೆ ಸರಿದ.

ಉದ್ದೇಶದ ಬಗ್ಗೆ ಶಿವಗಂಗಾ ವರದಿಯಲ್ಲಿ ಒಂದೇ ಸಾಲು ಬರೆದರು: ತಾನು ಕಟ್ಟಿದ ಸೈಕಲ್ಲನ್ನು ಬೇರೆಯವರ ಗಾಲಿಯ ಮೇಲೆ ಓಡಿಸಲು ಆರೋಪಿ ಒಪ್ಪಲಿಲ್ಲ.