ದುಂಡಗಿನ ಮೂಲೆಗಳು

ಮಂಗಳವಾರ ಬೆಳಿಗ್ಗೆ ೧೦.೨೦ಕ್ಕೆ ಠಾಣೆಗೆ ದೂರು ಬಂತು. ತಂದವರು ಲೇಸರ್ ಪ್ರಯೋಗಾಲಯದ ಮುಖ್ಯಸ್ಥರು. ಅಲ್ಲಿ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಸೋಮವಾರದ ಪ್ರಯೋಗವನ್ನು ತಮ್ಮ ಶಿಷ್ಯೆಯೇ ಬೇಕೆಂದು ಕೆಡಿಸಿದ್ದಾಳೆ ಎಂದು ಬರೆದಿದ್ದರು.

"ಹನ್ನೊಂದು ವರ್ಷ ಕಲಿಸಿದೆ. ಗುರುವಿಗೇ ತಿರುಮಂತ್ರ ಹಾಕಿದ್ಳು," ಎಂದರು.

"ಕಾರಣ?"

"ಬೇರೆ ಪ್ರಯೋಗಾಲಯದೋರು ಕರೀತಿದಾರೆ. ಇಲ್ಲಿ ಕೆಡಿಸಿ ಅಲ್ಲಿ ಗೆಲ್ಲೋ ಯೋಚನೆ."

ಎಫ್‌ಐಆರ್ ದಾಖಲಾಯಿತು. ೧೧.೪೫ಕ್ಕೆ ಇನ್‌ಸ್ಪೆಕ್ಟರ್, ಮಹಿಳಾ ಪೇದೆಯೊಂದಿಗೆ ನಿಯಂತ್ರಣ ಕೊಠಡಿಯಲ್ಲಿದ್ದರು. ಸಾಸಿವೆ ಕಾಳಿನಷ್ಟು ಇಂಧನದ ಗುಂಡನ್ನು ಬೆಳಕಿನಿಂದ ಅದುಮುವುದು ಇಲ್ಲಿಯ ಕೆಲಸ. ಬೆಳಕು ಒಮ್ಮೆಲೇ ಬೀಳಬಾರದು, ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಯಾವ ಕ್ಷಣಕ್ಕೆ ಎಷ್ಟು ಬೆಳಕು ಎಂಬ ಕೋಷ್ಟಕ ಶಿಷ್ಯೆಯದು. ಸೋಮವಾರ ಎರಡನೇ ಮೆಟ್ಟಿಲು ಒಂದು ನ್ಯಾನೋಸೆಕೆಂಡು ಮೊದಲೇ ಬಂದು, ಗುಂಡು ಸಾಕಷ್ಟು ಅದುಮಿಕೊಳ್ಳುವ ಮೊದಲೇ ಬಿಸಿಯಾಗಿ ಚದುರಿತ್ತು. ಆ ಕೋಷ್ಟಕ ಯಂತ್ರ ಸೇರಿದ್ದು ಮಧ್ಯಾಹ್ನ ೧.೧೨ಕ್ಕೆ, ಅವಳದೇ ಪಾಸ್‌ವರ್ಡ್‌ನಲ್ಲಿ.

ಪಂಚನಾಮೆ ನಡೆಯುವಾಗ ಮೇಷ್ಟ್ರು ಪರದೆಯ ಮೇಲೆ ಆ ಕೋಷ್ಟಕದಿಂದ ಮೂಡಿದ ಗೆರೆಗೆ ಬೆರಳಿಟ್ಟರು. "ಮೆಟ್ಟಿಲಿನ ಮೂಲೆಗಳು ದುಂಡಗಿವೆ ನೋಡಿ. ಚೂಪಾದ್ರೆ ಲೇಸರಿನ ಗಾಜಿಗೆ ಪೆಟ್ಟು. ನಾನೇ ಕಲಿಸಿದ್ದು. ಇದು ಅವಳದೇ ಕೈ."

ಶಿಷ್ಯೆಯನ್ನು ಆಗಲೇ ಅಮಾನತು ಮಾಡಲಾಗಿತ್ತು. ಈ ಆರೋಪದ ಮೇಲೆ ಕೆಲಸ ಹೋದರೆ ಕರೆಯುತ್ತಿದ್ದವರೂ ಬಾಗಿಲು ತೆರೆಯುವುದಿಲ್ಲ. ಪಕ್ಕದ ಕೋಣೆಯಲ್ಲಿ ಅವಳು ಕೈಕಟ್ಟಿ ಕೂತಿದ್ದಳು.

"ಸೋಮವಾರ ಒಂದು ಗಂಟೆಗೆ ಎಲ್ಲಿದ್ರಿ?"

"ಕ್ಯಾಂಟೀನಲ್ಲಿ. ಎಲ್ರೂ ಅಲ್ಲೇ ಇದ್ರು. ಮೇಷ್ಟ್ರೊಬ್ರು ಬಂದಿರ್ಲಿಲ್ಲ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಮೇಷ್ಟ್ರಿಗೆ. ಸೇರಿದ ದಿನ ಅವರೇ ಹಾಕಿಕೊಟ್ಟಿದ್ದು. ಬದಲಾಯಿಸ್ಬೇಕು ಅಂತ ಯಾವತ್ತೂ ಅನ್ನಿಸ್ಲಿಲ್ಲ."

ಇನ್‌ಸ್ಪೆಕ್ಟರ್ ಪರದೆಯ ಗೆರೆಯ ಪ್ರತಿಯನ್ನು ಮುಂದಿಟ್ಟರು. ಅವಳು ನೋಡಿದಳು, ಇನ್ನೊಮ್ಮೆ ನೋಡಿದಳು. ಮುಖ ಬಿಳಿಚಿಕೊಂಡಿತು.

"ನಾನು ಮೂಲೆ ದುಂಡು ಮಾಡಲ್ಲ, ಸಾರ್. ಹೊಸ ಗಾಜಿಗೆ ಅದು ಬೇಕಿಲ್ಲ. ಬಿಟ್ಟು ಹದಿನಾಲ್ಕು ತಿಂಗಳಾಯ್ತು."

"ಮೇಷ್ಟ್ರಿಗೆ ಗೊತ್ತಿಲ್ವಾ?"

"ಕೋಷ್ಟಕ ಬಿಡಿಸಿ ನೋಡ್ತಿರ್ಲಿಲ್ಲ. ನಂಬಿಕೆ ಮೇಲೆ ಸಹಿ ಹಾಕ್ತಿದ್ರು." ಅಷ್ಟು ಹೇಳಿ ಅವಳು ಅತ್ತಳು.

ಪೇದೆ ಹಳೆಯ ಕೋಷ್ಟಕಗಳ ರಿಜಿಸ್ಟರ್ ತಿರುವಿದಳು. ಹದಿನಾಲ್ಕು ತಿಂಗಳಲ್ಲಿ ಮೂವತ್ತೊಂದು ಪ್ರಯೋಗ, ಎಲ್ಲದರಲ್ಲೂ ಮೂಲೆ ಚೂಪು. ಎಲ್ಲದರ ಕೆಳಗೂ ಮೇಷ್ಟ್ರ ಸಹಿ. ಕೊಠಡಿಯ ಬಾಗಿಲಿನ ದಾಖಲೆಯಲ್ಲಿ ಸೋಮವಾರ ೧.೦೫ಕ್ಕೆ ಒಂದೇ ಕಾರ್ಡು, ಅದೂ ಮೇಷ್ಟ್ರದು.

"ಬೇಲಿಯೇ ಎದ್ದು ಹೊಲ ಮೇಯ್ತಲ್ಲ ಸಾರ್," ಎಂದಳು ಪೇದೆ.

೪.೩೦ಕ್ಕೆ ಎರಡನ್ನೂ ಮುಂದಿಟ್ಟಾಗ ಮೇಷ್ಟ್ರು ಕಾರ್ಡಿನ ದಾಖಲೆಯತ್ತ ಕಣ್ಣೂ ಹಾಯಿಸಲಿಲ್ಲ. ರಿಜಿಸ್ಟರನ್ನೇ ಒಂದೊಂದು ಹಾಳೆಯಾಗಿ ನೋಡುತ್ತ ಹೋದರು. ಆಮೇಲೆ, ಸೋಮವಾರದ ಕೋಷ್ಟಕವನ್ನು ತಾವೇ ಬರೆದು ಹಾಕಿದ್ದಾಗಿ ಹೇಳಿಕೆ ಕೊಟ್ಟರು. ಮೂರು ಮೆಟ್ಟಿಲಿನ ಬೆಳಕಿನ ಪಲ್ಸ್ ಅವರ ಇಪ್ಪತ್ತೆರಡು ವರ್ಷದ ದುಡಿಮೆ. ಶಿಷ್ಯೆ ನಾಲ್ಕು ಮೆಟ್ಟಿಲು ಹಾಕಿದ್ದಳು. ಸೋಮವಾರ ಅದು ಗೆದ್ದಿದ್ದರೆ ಅವರದು ಕಪಾಟು ಸೇರುತ್ತಿತ್ತು.

೫.೧೦ಕ್ಕೆ ಬಂಧನ. ಜೀಪಿನತ್ತ ಹೋಗುವಾಗ ಓಣಿಯ ಗೋಡೆಗೊರಗಿ ಅವಳು ನಿಂತಿದ್ದಳು. ಮೇಷ್ಟ್ರು ನಿಂತರು.

"ಮೂಲೆ ದುಂಡು ಮಾಡೋದು ಬಿಟ್ಟಿದ್ದು ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ, ಸರ್."

ಪೇದೆ ಜೀಪಿನ ಬಾಗಿಲು ತೆರೆದು ಕಾಯುತ್ತಿದ್ದಳು.