ಕಾಲುಸೇತುವೆಯ ಲೆಕ್ಕ

ಅದೇ ಪ್ರೋಗ್ರಾಂ. ಅದೇ ಅಳತೆಗಳು. ಉತ್ತರ ಮಾತ್ರ ಬೇರೆ!

ವಿಚಾರಣಾ ಸಮಿತಿಯ ಅಧ್ಯಕ್ಷರು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ರೈಲು ಹಳಿಯ ಮೇಲಿನ ಕಾಲುಸೇತುವೆ ಜನರ ಭಾರ ತಡೆಯುವುದಿಲ್ಲ ಎಂದು ಕೆಂಪಕ್ಷರದಲ್ಲಿ ಬಂದಿತ್ತು. ಕಟ್ಟುವ ಮುಂಚೆ ಇದೇ ಪ್ರೋಗ್ರಾಂ 'ಧಾರಾಳವಾಗಿ ತಡೆಯುತ್ತದೆ' ಎಂದಿತ್ತೆಂದು ವರದಿಗೆ ಸಹಿ ಹಾಕಿದ್ದ ಎಂಜಿನಿಯರ್ ಎದುರು ಕುರ್ಚಿಯಲ್ಲಿ ಮುಖ ಬಿಳಿಚಿಕೊಂಡು ಕುಳಿತಿದ್ದಳು. ಸೇತುವೆ ಈಗ ಬಿರುಕು ಬಿಟ್ಟಿದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ, ಓಡಾಟ ನಿಲ್ಲಿಸಿದ್ದಾರೆ. ಆದರೆ ಆಕೆ ಅಂಕಿ ತಿದ್ದಿದ್ದಾಳೆಂದೇ ಸಮಿತಿಯ ಅನುಮಾನ. ಸಂಜೆಯೊಳಗೆ ಹಳೆಯ ಉತ್ತರವನ್ನು ಮತ್ತೆ ಬರಿಸಿ ತೋರಿಸದಿದ್ದರೆ ಕೆಲಸ ಹೋಗುತ್ತದೆ, ಪೊಲೀಸ್ ಕೇಸೂ ಬೀಳುತ್ತದೆ.

ಹಳೆಯ ಪ್ರೋಗ್ರಾಂಗಳನ್ನು ಮೊದಲಿದ್ದ ಹಾಗೇ ಓಡಿಸಿ ತೋರಿಸುವುದು ನಮ್ಮಿಬ್ಬರ ಕಸುಬು. ನನ್ನ ಮೇಲಧಿಕಾರಿಯನ್ನು ಎಲ್ಲರೂ ಜರಡಿ ಮೇಡಂ ಎನ್ನುತ್ತಾರೆ. ಯಾವುದನ್ನೂ ಸೋಸದೆ ಬಿಡುವವರಲ್ಲ. ನಾನು ತಂದುಕೊಟ್ಟ ಚಹಾವನ್ನೂ ಅನುಮಾನದಿಂದಲೇ ನೋಡುತ್ತಾರೆ.

ಯಾವ ಪ್ರೋಗ್ರಾಮೂ ಒಂಟಿಯಲ್ಲ. ಬೇರೆಯವರು ಬರೆದಿಟ್ಟ ಹತ್ತಾರು ಪುಟ್ಟ ಪ್ರೋಗ್ರಾಂಗಳನ್ನು, ಅಂದರೆ ಪ್ಯಾಕೇಜುಗಳನ್ನು, ನೆಚ್ಚಿಕೊಂಡಿರುತ್ತದೆ. ಯಾವ ಪ್ಯಾಕೇಜಿನ ಎಷ್ಟನೇ ಆವೃತ್ತಿ ಎಂಬುದನ್ನು ಅದರ ಲಾಕ್ ಫೈಲ್ ಎಂಬ ಪಟ್ಟಿ ಹಿಡಿದಿಟ್ಟಿರುತ್ತದೆ. ಅದರಂತೆ ಎಲ್ಲವನ್ನೂ ತಂದು ಕೂರಿಸಿದರೆ ಹಳೆಯ ಉತ್ತರ ಬರಲೇಬೇಕು. ಆ ಕಚೇರಿಯ ಸರ್ವರ್ ನೋಡಿಕೊಳ್ಳುವವನು ಹಾಗೇ ಮಾಡಿದ್ದ, ಒಂದು ಆವೃತ್ತಿಯೂ ಆಚೀಚೆ ಆಗಿರಲಿಲ್ಲ. ನನಗೂ ಆಗ ಹುಡುಗಿಯ ಮೇಲೇ ಸಂಶಯ ಬಂತು.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಒಳಗೆ ಬಂದರು. ಭಾರ ಲೆಕ್ಕ ಹಾಕುವ ಪ್ಯಾಕೇಜು ಬರೆದವರು ಅವರೇ. ಎಂಜಿನಿಯರಿಗೆ ಸೋದರಮಾವ, ಅವಳಿಗೆ ಈ ವಿದ್ಯೆ ಕಲಿಸಿದವರು. ಅವಳ ಹೆಗಲ ಮೇಲೆ ಕೈಯಿಟ್ಟರು.

"ತಪ್ಪು ಒಪ್ಪಿಕೊಂಡುಬಿಡಮ್ಮ. ಹೇಗಾದ್ರೂ ಮಾಡಿ ಉಳಿಸ್ಕೋತೀನಿ."

"ನಾನೇನೂ ತಿದ್ದಿಲ್ಲ ಮಾವ," ಎಂದಳು ಆಕೆ. "ನೀವೂ ನನ್ನನ್ನ ನಂಬಲ್ವಾ?"

ಮಾವ ಅವಳ ಹೆಗಲಿನಿಂದ ಕೈ ತೆಗೆದರು.

ಜರಡಿ ಮೇಡಂ ಮಾತ್ರ ಸರ್ವರಿನವನ ಪಕ್ಕ ಕುರ್ಚಿ ಎಳೆದುಕೊಂಡು, ಎಲ್ಲವನ್ನೂ ತಮ್ಮ ಕಣ್ಣೆದುರೇ ಮೊದಲಿಂದ ಮಾಡಲು ಹೇಳಿದರು. ಪಾಪ, ಅವನು ಬೆವರುತ್ತಲೇ ಕೀಲಿಮಣೆ ಕುಟ್ಟತೊಡಗಿದ.

"ನಿಲ್ಲಿ. ಕೊನೆಗೆ ಏನೋ ಸೇರಿಸಿದ್ರಲ್ಲ, ಏನದು?"

"ಅದಾ? ಬೆರಳಚ್ಚು ನೋಡೋದು ಬೇಡ ಅಂತ. ನಮ್ಮ ಆಫೀಸಲ್ಲೇ ಬರೆದ ಪ್ಯಾಕೇಜಿಗೆ ಮಾತ್ರ ಮೇಡಂ. ಹೊರಗಿನದನ್ನೆಲ್ಲ ನೋಡ್ತೀವಿ. ಮನೆಯವರನ್ನ ಯಾರಾದ್ರೂ ಬಾಗಿಲಲ್ಲಿ ತಡೀತಾರಾ?"

"ಇವತ್ತು ತಡೆಯೋಣ."

ಲಾಕ್ ಫೈಲು ಆವೃತ್ತಿಯ ಜೊತೆಗೆ ಪ್ರತಿ ಪ್ಯಾಕೇಜಿನ ಬೆರಳಚ್ಚನ್ನೂ ಇಟ್ಟುಕೊಂಡಿರುತ್ತದೆ. ಒಳಗೆ ಒಂದಕ್ಷರ ಬದಲಾದರೂ ಅಚ್ಚು ಬದಲಾಗುತ್ತದೆ. ಅವನು ಆ ರಿಯಾಯಿತಿ ತೆಗೆದು ಮತ್ತೆ ಓಡಿಸಿದ. ಪ್ಯಾಕೇಜುಗಳು ಒಂದೊಂದಾಗಿ ದಾಟಿದವು. ಭಾರ ಲೆಕ್ಕದ ಪ್ಯಾಕೇಜು ಬಂತು—ಯಂತ್ರ ನಿಂತುಬಿಟ್ಟಿತು.

ಹೆಸರು ಅದೇ, ಆವೃತ್ತಿ ಅದೇ. ಒಳಗಿರುವುದು ಬೇರೆ!

ಹಾಗಾದರೆ ಅಸಲಿ ಎಲ್ಲಿ? ಜರಡಿ ಮೇಡಂ ಇಡೀ ಕಟ್ಟಡ ಸುತ್ತಿಸಿದರು. ತರಬೇತಿ ಕೋಣೆಯಲ್ಲಿ, ಸೇತುವೆ ಕಟ್ಟಿದಂದಿನಿಂದ ಯಾರೂ ಮುಟ್ಟದ ಕಂಪ್ಯೂಟರೊಂದು ಧೂಳು ತಿನ್ನುತ್ತಿತ್ತು. ಅದರಲ್ಲಿ ಹಳೆಯ ಪ್ರತಿ ಉಳಿದಿತ್ತು, ಬೆರಳಚ್ಚೂ ತಾಳೆಯಾಯಿತು. ಅದನ್ನು ತಂದು ಕೂರಿಸಿ ಪ್ರೋಗ್ರಾಂ ಓಡಿಸಿದೆವು.

'ಸೇತುವೆ ಭಾರ ತಡೆಯುತ್ತದೆ.' ವರದಿಯಲ್ಲಿದ್ದ ಅಂಕಿಗಳೇ, ಚಾಚೂ ತಪ್ಪದೆ.

"ಹಾಗಾದ್ರೆ ಬದಲಾಯಿಸಿದ್ದು ಯಾರು?" ಅಧ್ಯಕ್ಷರ ಕಣ್ಣು ಸರ್ವರಿನವನ ಮೇಲೆ ಹೋಯಿತು.

"ಇವರಲ್ಲ," ಎಂದರು ಜರಡಿ ಮೇಡಂ. "ಹೊಸ ಪ್ಯಾಕೇಜು ಸೇರಿಸೋಕೆ ಇವರಿಗೆ ಆಗತ್ತೆ. ಇರೋದನ್ನ ಅದೇ ಆವೃತ್ತಿಯಲ್ಲಿ ಬದಲಿಸೋಕೆ ಬರೆದವರ ಪಾಸ್‌ವರ್ಡೇ ಬೇಕು. ಬೆರಳಚ್ಚು ನೋಡ್ಬೇಡಿ ಅಂತ ನಿಮಗೆ ಹೇಳಿದ್ದು ಯಾರಪ್ಪ?"

ಸರ್ವರಿನವನು ಮುಖ್ಯಸ್ಥರ ಕಡೆ ನೋಡಿದ.

ಮಿಕ್ಕದ್ದನ್ನು ಜರಡಿ ಮೇಡಂ ಬಿಡಿಸಿ ಹೇಳಿದರು. ಸೇತುವೆ ಎದ್ದ ಮೇಲೆ ಮಾವನಿಗೆ ತಮ್ಮ ಪ್ಯಾಕೇಜಿನಲ್ಲೇ ತಪ್ಪಿರುವುದು ಗೊತ್ತಾಗಿದೆ. ಹೊಸ ಆವೃತ್ತಿ ತಂದರೆ ಕಾರಣ ಬರೆಯಬೇಕು, ಎಲ್ಲರಿಗೂ ತಿಳಿಯುತ್ತದೆ, ಹೆಸರು ಮಣ್ಣುಪಾಲಾಗುತ್ತದೆ. ಆವೃತ್ತಿ ಬದಲಿಸದೆ ಗುಟ್ಟಾಗಿ ಸರಿಪಡಿಸಿದರು. ಬೆರಳಚ್ಚು ಎಡವಟ್ಟು ಮಾಡೀತೆಂದು, ಮನೆಯ ಪ್ಯಾಕೇಜಿಗೆ ತಪಾಸಣೆ ಬೇಡವೆಂಬ ರೂಢಿ ಹಾಕಿದರು. ಸೇತುವೆ ಬಿರುಕು ಬಿಟ್ಟಾಗ ತಪ್ಪನ್ನು ಸೋದರಸೊಸೆಯ ತಲೆಗೆ ಕಟ್ಟಿದರು.

ಮುಖ್ಯಸ್ಥರು ಇಲ್ಲವೆನ್ನಲಿಲ್ಲ. ಕುರ್ಚಿ ಹುಡುಕಿಕೊಂಡು ಕುಳಿತರು.

ಎಂಜಿನಿಯರ್ ಮೇಲೆ ಯಾವ ಆರೋಪವೂ ಉಳಿದಿಲ್ಲ ಎಂದು ಅಧ್ಯಕ್ಷರು ಹೇಳಿದರು. ಆಕೆ ಈಗ ಅಳುತ್ತಾಳೆ ಅಂದುಕೊಂಡೆ. ಆಕೆ ಆ ಮಾತನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಮಾವನ ಎದುರು ಹೋಗಿ ನಿಂತಳು.

"ಮಾವ, ಆ ತಪ್ಪು ಲೆಕ್ಕ ನಂಬಿ ಇನ್ನು ಯಾವ ಸೇತುವೆ ಕಟ್ಟಿದಾರೆ?"

ಅವರು ಮೇಜಿನ ಮೇಲಿದ್ದ ವರದಿಯನ್ನು ಮಗುಚಿ ಹಾಕಿದರು.

"ಮಾವ, ಹೇಳಿ."

"ಶಾಲೆ ಎದುರಿಂದು."

ಶಾಲೆ ಬಿಡುವ ಹೊತ್ತಾಗಿತ್ತು. ಆಕೆ ಫೋನನ್ನು ಕಿವಿಗೊತ್ತಿಕೊಂಡು ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಳು.