ಬಾಯಾರಿದ ಸಾಲು

ಗಿಡಗಳು ಸತ್ತಿದ್ದರೆ ಯಾರೂ ಅಳುತ್ತಿರಲಿಲ್ಲ. ಬದುಕಿದ್ದವು. ಅದೇ ಅಪರಾಧವಾಗಿತ್ತು.

ಗಾಜಿನಮನೆಯ ಹೊಸ್ತಿಲ ಮೇಲೆ ಜೋಳದ ಹುಡುಗಿ ತಲೆ ಹಿಡಿದು ಕೂತಿದ್ದಳು. ಬೇಸಾಯವನ್ನೂ ನೀರಿನ ನಿರ್ವಹಣೆಯನ್ನೂ ಕಲಿಯಲು ದೇಶದೇಶಗಳಿಂದ ಸ್ನಾತಕೋತ್ತರ ವಿದ್ಯಾರ್ಥಿಗಳು ಬರುವ ಆ ಕೇಂದ್ರದಲ್ಲಿ ಅವಳ ಪ್ರಯೋಗ ಎಲ್ಲರಿಗೂ ಗೊತ್ತು. ಹಲವು ತಳಿಯ ಜೋಳ. ಒಂದು ಸಾಲಿಗೆ ನೀರು, ಇನ್ನೊಂದಕ್ಕೆ ಹನಿಯೂ ಇಲ್ಲ. ಯಾವ ತಳಿ ಎಲ್ಲಿಯವರೆಗೆ ತಾಳುತ್ತದೆ ಎಂದು ನೋಡುವುದೇ ಅವಳ ಓದು. ಈಗ ಒಣಸಾಲಿನಲ್ಲಿ ಸಾಯಬೇಕಾದ ಗಿಡಗಳೇ ಎಲೆ ಬಿಚ್ಚಿ ನಿಂತಿದ್ದವು.

"ಯಾರೋ ನೀರು ಹಾಕಿದಾರೆ ಮಾವ" ಎಂದಳು.

ವಿದ್ಯಾರ್ಥಿಗಳ ಬಾಯಲ್ಲಿ ಮಾವ ಎಂದರೆ ಕೇಂದ್ರದ ಭದ್ರತಾಧಿಕಾರಿ. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಬಂದವರು. ಹೆಂಡತಿ ಇಲ್ಲ, ಮಕ್ಕಳಾಗಲಿಲ್ಲ. ಮನೆಯಲ್ಲಿ ಮಾತಾಡಿಸುವುದಕ್ಕೆ ದೇವರೊಬ್ಬನೇ. ಅವನೂ ಕೇಳಿಸಿಕೊಳ್ಳುವವನೇ ಹೊರತು ತಿರುಗಿ ಮಾತಾಡುವವನಲ್ಲ.

ಅವರು ಕುಂಡದೊಳಗೆ ಬೆರಳಿಟ್ಟರು. ಮಣ್ಣಿನ ತೇವ ಆರದಿರಲೆಂದು ಪ್ರತಿ ಕುಂಡಕ್ಕೂ ಸಣ್ಣ ಜಲ್ಲಿಯ ಹೊದಿಕೆ. ಜಲ್ಲಿ ಒಣಗಿತ್ತು. ಅದನ್ನು ಸರಿಸಿದರೆ ಕೆಳಗೆ ಮಣ್ಣು ಒದ್ದೆ.

"ಬೀಗ ಮುರಿದಿಲ್ಲ. ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ. ತೋಟದ ಮೇಸ್ತ್ರಿ ಹತ್ರ. ನಮ್ಮ ಮೇಷ್ಟ್ರ ಹತ್ರ. ಆಮೇಲೆ—" ಅವಳು ಪಕ್ಕದ ಮೇಜಿನ ಕಡೆ ನೋಡಿದಳು. "ಅವಳ ಹತ್ರ."

ಪಕ್ಕದ ಮೇಜು ದ್ವೀಪದ ಹುಡುಗಿಯದು. ಉಪ್ಪುನೀರಿನಲ್ಲಿ ಬೆಳೆ ತೆಗೆಯುವುದು ಅವಳ ವಿಷಯ. ಮುಂದಿನ ಸಂಶೋಧನೆಗೆ ಇರುವುದು ಒಂದೇ ಸ್ಥಾನ. ಇಬ್ಬರ ಕಣ್ಣೂ ಅದರ ಮೇಲೆ.

ಅಷ್ಟರಲ್ಲಿ ಬಂದ ಕೇಂದ್ರದ ನಿರ್ದೇಶಕಿ ಬಗ್ಗಿ, ಒಣಸಾಲಿನ ಕೆಳಗಿನಿಂದ ನೀಲಿ ನೀರಿನ ಬಾಟಲಿಯೊಂದನ್ನು ಎತ್ತಿದರು. "ಇದು ಅವಳದೇ ಅಲ್ವಾ? ಇನ್ನೇನು ಬೇಕು ನಿಮಗೆ?"

"ಬಾಟಲಿ ತಾನಾಗಿ ನಡೆದು ಬಂತು ಅಂತ ನಾನೂ ಹೇಳಲ್ಲ ಮೇಡಂ. ಸ್ವಲ್ಪ ಟೈಮ್ ಕೊಡಿ."

"ಮಧ್ಯಾಹ್ನ ಸಭೆ ಕರೀತೀನಿ. ಇನ್ನೊಬ್ಬರ ಪ್ರಯೋಗ ಕೆಡಿಸಿದವರನ್ನ ಇಟ್ಟುಕೊಳ್ಳಲ್ಲ. ಊರಿಗೆ ಕಳಿಸೋದೇ."

ಬಾಗಿಲ ಬಳಿ ಮೇಷ್ಟ್ರು ನಿಂತಿದ್ದರು. ಗಿಡಗಳ ಬಾಯಾರಿಕೆಯನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು. ಜೋಳದ ಹುಡುಗಿಯ ಮಾರ್ಗದರ್ಶಕರು. ಹೆಂಡತಿ ತೀರಿಕೊಂಡ ಮೇಲೆ ಮಾತು ಕಡಿಮೆ.

"ಮತ್ತೆ ಬಿತ್ತಬಹುದಮ್ಮ" ಎಂದರು ಮೆಲ್ಲಗೆ.

"ಅಷ್ಟರಲ್ಲಿ ನನ್ನ ವೀಸಾ ಮುಗಿಯುತ್ತೆ ಸಾರ್."

ಅವರು ಬಾಗಿಲ ಬಳಿಯಿಂದ ಕದಲಲಿಲ್ಲ.

ದ್ವೀಪದ ಹುಡುಗಿಯನ್ನು ಕರೆಸಿ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂರಿಸಿದರು.

"ನಿನ್ನೆ ಸಾಯಂಕಾಲ ಇಲ್ಲಿದ್ಯಾ?" ಮಾವ ಕೇಳಿದರು.

"ಇದ್ದೆ. ಬಾಟಲಿ ಮೇಜಿನ ಮೇಲೆ ಮರೆತು ಹೋದೆ. ಅದು ಅಲ್ಲಿಗೆ ಹೇಗೆ ಹೋಯ್ತೋ ಗೊತ್ತಿಲ್ಲ."

"ಗೊತ್ತಿಲ್ವಂತೆ" ಜೋಳದ ಹುಡುಗಿ ಗೊಣಗಿದಳು. "ಮೊನ್ನೆ ಊಟದ ಹಾಲಲ್ಲಿ ಹೇಳ್ಲಿಲ್ವಾ ನೀನು, ನಿನ್ನ ಜೋಳ ನೆಗೆದುಬಿದ್ರೆ ಸೀಟು ನಂದೇ ಅಂತ?"

"ತಮಾಷೆಗೆ ಹೇಳಿದ್ದು ಕಣೆ. ನೀನೂ ನಕ್ಕಿದ್ದೆ."

"ಈಗ ನಗು ಬರ್ತಿಲ್ಲ."

ದ್ವೀಪದ ಹುಡುಗಿ ಬಾಗಿಲ ಕಡೆ ನೋಡಿದಳು, ಯಾರಾದರೂ ತನ್ನ ಪರ ಒಂದು ಮಾತು ಆಡಿಯಾರೇನೋ ಎಂಬಂತೆ. ಯಾರೂ ಆಡಲಿಲ್ಲ.

ಮೇಸ್ತ್ರಿಯ ಸರದಿ ಬಂತು. "ನಾನಾ? ನೀರು ಬಿಡೋದಾದ್ರೆ ಪೈಪ್ ಹಿಡಿದು ಇಡೀ ಸಾಲಿಗೇ ಬಿಡ್ತಿದ್ದೆ ಸ್ವಾಮಿ. ಇಷ್ಟು ನಾಜೂಕು ನನ್ನ ಕೈಲಿ ಎಲ್ಲಾಗುತ್ತೆ?"

ಹೌದಲ್ಲ, ಎನಿಸಿತು ಮಾವನಿಗೆ. ಪೈಪಿನ ರಭಸಕ್ಕೆ ಜಲ್ಲಿ ಚೆದುರಬೇಕಿತ್ತು. ಇಲ್ಲಿ ಹಾಸಿಗೆ ಹಾಸಿದಷ್ಟು ಒಪ್ಪವಾಗಿತ್ತು. ಅವರು ಸಾಲಿನುದ್ದಕ್ಕೂ ಒಂದೊಂದೇ ಕುಂಡ ಮುಟ್ಟುತ್ತ ಬಂದರು. ಒದ್ದೆ. ಒಣ. ಒಣ. ಒದ್ದೆ.

"ಎಲ್ಲಕ್ಕೂ ಹಾಕಿಲ್ಲವಲ್ಲಮ್ಮ?"

ಜೋಳದ ಹುಡುಗಿ ಎದ್ದು ಬಂದಳು. ತಾನೂ ಮುಟ್ಟಿ ನೋಡಿದಳು. "ಬಾಡಿದವಕ್ಕೆ ಮಾತ್ರ ಹಾಕಿದಾರೆ."

"ಬಾಡಿದವು ಯಾವುವು ಅಂತ ಹೇಗೆ ಗೊತ್ತಾಗುತ್ತೆ?"

"ಬಾಯಾರಿದ್ರೆ ಜೋಳ ಎಲೆ ಸುತ್ತಿಕೊಳ್ಳುತ್ತೆ ಮಾವ. ಹಗಲು ಬಿಸಿಲಿಗೆ ಈ ಸಾಲೆಲ್ಲ ಸುತ್ತಿಕೊಂಡೇ ಇರುತ್ತೆ, ಮುಸ್ಸಂಜೆವರೆಗೂ. ರಾತ್ರಿ ತಂಪಿಗೆ ಬಿಚ್ಚಿಕೊಳ್ಳುತ್ತೆ. ಬೆಳಗಿನ ಜಾವಕ್ಕೂ ಬಿಚ್ಚಿಕೊಳ್ಳದೆ ಇದ್ರೆ ಅದಕ್ಕೆ ನಿಜವಾಗ್ಲೂ ಕಷ್ಟ ಅಂತ ಲೆಕ್ಕ."

ಮಾವ ದ್ವೀಪದ ಹುಡುಗಿಯ ಕಡೆ ತಿರುಗಿದರು: "ಇವತ್ತು ಬೆಳಗಿನ ಜಾವ ಎಲ್ಲಿದ್ದೆ?"

"ಹಾಸ್ಟೆಲ್ ಮೆಟ್ಟಿಲ ಮೇಲೆ. ಅಮ್ಮನ ಜೊತೆ ಫೋನಲ್ಲಿ. ನಮ್ಮ ಊರಲ್ಲಿ ಆಗ ಸಂಜೆ. ಬೆಳಕಾಗೋವರೆಗೂ ಮಾತಾಡ್ತೀನಿ ದಿನಾ. ಇಲ್ಲಿ ನನ್ನ ಭಾಷೆ ಬರೋರು ಯಾರೂ ಇಲ್ವಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಎಲ್ಲರೂ ಸಾಯಂಕಾಲದ್ದೇ ಕೇಳಿದ್ರಿ."

ಹಾಸ್ಟೆಲಿನ ಕಾವಲಿನವಳು ಹೌದೆಂದಳು. "ಪಾಪ, ಇವತ್ತು ಅಳ್ತಾ ಮಾತಾಡ್ತಿತ್ತು. ನಾನೇ ಬೆಡ್‌ಶೀಟ್ ಹೊದಿಸಿ ಬಂದೆ."

ಮಧ್ಯಾಹ್ನದ ಸಭೆಗೆ ಎಲ್ಲರೂ ಬಂದರು. ಮಾವ ಕೂರಲಿಲ್ಲ.

"ಕೆಡಿಸೋಕೆ ಬಂದವರು ಎಲ್ಲ ಕುಂಡಕ್ಕೂ ನೀರು ಸುರೀತಿದ್ರು. ಇವರು ಸುರಿದಿಲ್ಲ, ಕುಡಿಸಿದಾರೆ. ನಿಜವಾಗಿ ಬಾಯಾರಿದ್ದಕ್ಕೆ ಮಾತ್ರ. ಅದು ಬೆಳಗಿನ ಜಾವದಲ್ಲಿ ನೋಡಿದವರಿಗಷ್ಟೇ ಗೊತ್ತಾಗೋದು. ಈ ಹುಡುಗಿ ಸಾಯಂಕಾಲ ಮರೆತ ಬಾಟಲಿ ಹಿಡಿದುಕೊಂಡು ನಾವು ಸಾಯಂಕಾಲದಲ್ಲೇ ಹುಡುಕ್ತಾ ಇದ್ವಿ. ನೀರು ಕುಡಿಸಿ ಜಲ್ಲಿನ ಮತ್ತೆ ಮುಚ್ಚಿದಾರೆ, ತೇವ ಆರದೆ ಇರ್ಲಿ ಅಂತ. ತಿಳಿದವರ ಕೈ ಅದು. ಆದರೆ ತಿಳಿದವರು ಯಾರಾದ್ರೂ ಈ ಸಾಲಿಗೆ ನೀರು ಹಾಕ್ತಾರಾ? ಕೈಗೆ ವಿದ್ಯೆ ಗೊತ್ತಿತ್ತು. ಮನಸ್ಸು ಆ ಹೊತ್ತು ಬೇರೆ ಎಲ್ಲೋ ಇತ್ತು."

"ಯಾರು ಅಂತ ಹೇಳಿ" ಎಂದರು ನಿರ್ದೇಶಕಿ.

"ಕೀಲಿ ಇರೋರು ನಾಲ್ಕು ಜನ. ಮೇಸ್ತ್ರಿಯ ಕೈ ಅದಲ್ಲ. ತನ್ನ ಪ್ರಯೋಗವನ್ನ ತಾನೇ ಯಾರೂ ಕೆಡಿಸಿಕೊಳ್ಳಲ್ಲ. ಈ ಮಗು ಮೆಟ್ಟಿಲ ಮೇಲಿತ್ತು." ಮಾವನ ದನಿ ತಗ್ಗಿತು. "ನಾನು ಬೆಳಗಿನ ಜಾವ ಪ್ರಾರ್ಥನೆಗೆ ಏಳ್ತೀನಿ. ಕಿಟಕಿಯಿಂದ ಒಬ್ಬರು ಕಾಣ್ತಾರೆ. ದಿನಾ ಒಬ್ಬರೇ ನಡೀತಿರ್ತಾರೆ. ನೋಡಿ ನೋಡಿ ಅಭ್ಯಾಸವಾಗಿ, ಇವತ್ತು ನೋಡಿದ್ದೂ ನೆನಪಾಗಲಿಲ್ಲ. ಮೇಷ್ಟ್ರೇ, ನೀವೇ ಹೇಳಿಬಿಡಿ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಸ್ಪತ್ರೇಲಿ ಕೊನೇ ದಿನ ಅವಳು ನೀರು ಕೇಳಿದಳು. ಕೊಡಬಾರದು ಅಂದಿದ್ರು ಡಾಕ್ಟರು. ನಾನು ನಿಯಮದ ಮನುಷ್ಯ, ಕೊಡಲಿಲ್ಲ. ತುಟಿ ಹೀಗೆ ಸುತ್ತಿಕೊಂಡಿತ್ತು." ಅವರು ಬೆರಳನ್ನು ಎಲೆಯ ಹಾಗೆ ಮಡಿಸಿ ತೋರಿಸಿದರು. "ಇವತ್ತು ಆ ಸಾಲಿನ ಮುಂದೆ ನಿಂತೆ. ಕೈಗೆ ಒಂದು ಬಾಟಲಿ ಸಿಕ್ಕಿತು. ಹಾಕಿ ಮುಗಿಸೋವರೆಗೂ ಏನು ಮಾಡ್ತಿದೀನಿ ಅಂತ ಗೊತ್ತಾಗಲಿಲ್ಲ."

ನಿರ್ದೇಶಕಿ ಗಂಟಲು ಸರಿಮಾಡಿಕೊಂಡು, ಜೋಳದ ಹುಡುಗಿಗೆ ಮತ್ತೆ ಬಿತ್ತಲು ಬೇಕಾದ ಕಾಲಾವಕಾಶಕ್ಕೆ ತಾವೇ ವೀಸಾ ಕಚೇರಿಗೆ ಬರೆಯುವುದಾಗಿಯೂ, ದ್ವೀಪದ ಹುಡುಗಿಯ ಮೇಲೆ ಯಾವ ಕ್ರಮವೂ ಇಲ್ಲವೆಂದೂ ಹೇಳಿದರು.

ಮೇಷ್ಟ್ರು ದ್ವೀಪದ ಹುಡುಗಿಯ ಕಡೆ ತಿರುಗಿದರು. "ತಪ್ಪಾಯ್ತಮ್ಮ."

"ನೀರು ಹಾಕಿದ್ದಕ್ಕೆ ನಂಗೆ ಬೇಜಾರಿಲ್ಲ ಸಾರ್." ಅವಳ ದನಿ ಏರಲಿಲ್ಲ. "ಬೆಳಿಗ್ಗೆ ನನ್ನನ್ನ ಕೂರಿಸಿ ಕೇಳ್ತಿದ್ದಾಗ ನೀವು ಬಾಗಿಲಲ್ಲೇ ಇದ್ರಿ. ನನ್ನ ಮುಖ ನೋಡಿದ್ರಿ. ಆ ಗಿಡಗಳ ಕಷ್ಟ ಗೊತ್ತಾದ ಹಾಗೆ ನನಗೂ ಕಷ್ಟ ಆಗ್ತಿದೆ ಅಂತ ನಿಮಗೆ ಗೊತ್ತಾಗಲಿಲ್ವಾ?"

ಮೇಷ್ಟ್ರು ಕನ್ನಡಕ ಎತ್ತಿಕೊಂಡರು, ಹಾಕಿಕೊಳ್ಳಲಿಲ್ಲ.

ಜೋಳದ ಹುಡುಗಿ ಬಂದು ಗೆಳತಿಯ ತೋಳು ಹಿಡಿದಳು. ಅವಳು ಮೆಲ್ಲಗೆ ಬಿಡಿಸಿಕೊಂಡು ಒಬ್ಬಳೇ ಹೊರಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಮೇಷ್ಟ್ರು ಏಳಲಿಲ್ಲ.

ಮಾವ ಬಾಗಿಲವರೆಗೆ ಹೋದವರು ತಿರುಗಿ ಬಂದು, ಅವರ ಪಕ್ಕದ ಕುರ್ಚಿಯಲ್ಲಿ ಕೂತರು.